ಎಂಬತ್ತು ನಿಮಿಷದ ಆಟ, ನಲವತ್ತು ಗಂಟೆಯ ಲೆಕ್ಕ

ರಗ್ಬಿ ಪಂದ್ಯ ನೋಡುವವರಿಗೆ 80 ನಿಮಿಷ. ಗಾಯದ ಲೆಕ್ಕ ಬರೆಯುವವರಿಗೆ ಅದೇ ಪಂದ್ಯ 40 ಗಂಟೆ. ಆ ಕಡೆ 15 ಜನ, ಈ ಕಡೆ 15 ಜನ, ತಲಾ 80 ನಿಮಿಷ ಮೈಯೊಡ್ಡಿದರೆ 2,400 ನಿಮಿಷ. 60ರಿಂದ ಭಾಗಿಸಿದರೆ 40. ಇಂಥ 25 ಪಂದ್ಯ ಮುಗಿಯುವ ಹೊತ್ತಿಗೆ ಒಂದು ಸಾವಿರ ‘ಆಟಗಾರ-ಗಂಟೆ’ ತುಂಬುತ್ತದೆ. ಕ್ರೀಡಾ ವೈದ್ಯರು ಯಾವ ದೇಶದ ರಗ್ಬಿಯನ್ನು ಅಳೆದರೂ ಈ ಸಾವಿರವನ್ನೇ ಮುಂದಿಟ್ಟುಕೊಂಡು ಅಳೆಯುತ್ತಾರೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬರುವ ಅಂಕಿಗಳಿಗೆಲ್ಲ ಬೇಕಾಗುತ್ತದೆ.

ದುಡ್ಡಿಗಾಗಿ ಆಡುವವರ ಗಾಯಗಳ ಬಗ್ಗೆ ನಮಗೆ ಬೇಕಾದಷ್ಟು ಗೊತ್ತಿದೆ. ಅವರ ಪಂದ್ಯಕ್ಕೆ ಕ್ಯಾಮೆರಾಗಳ ಸಾಲೇ ಇರುತ್ತದೆ, ಅಂಚಿನಲ್ಲಿ ವೈದ್ಯರು ನಿಂತಿರುತ್ತಾರೆ, ಒಬ್ಬನಿಗೆ ಏಟು ಬಿದ್ದರೆ ಆ ಗಳಿಗೆಯನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಾರೆ. ಆದರೆ ರಗ್ಬಿ ಆಡುವವರಲ್ಲಿ ಬಹುಪಾಲು ಜನ ಇವರಲ್ಲ. ಇಂಗ್ಲೆಂಡ್, ಐರ್ಲೆಂಡ್, ವೇಲ್ಸ್, ನ್ಯೂಜಿಲೆಂಡ್‌ಗಳಲ್ಲಿ ವಾರವಿಡೀ ನಲ್ಲಿ ರಿಪೇರಿ ಮಾಡುವವನು, ಶಾಲೆಯಲ್ಲಿ ಪಾಠ ಹೇಳುವವನು, ಬ್ಯಾಂಕಿನ ಗುಮಾಸ್ತ, ಕುರಿ ಸಾಕುವ ರೈತ, ಆಸ್ಪತ್ರೆಯ ನರ್ಸಮ್ಮ ಶನಿವಾರವೋ ಭಾನುವಾರವೋ ಮಧ್ಯಾಹ್ನ ಬೂಟು ಕಟ್ಟಿ ಕೆಸರಿಗಿಳಿಯುತ್ತಾರೆ. ಇವರಿಗೆ ಸಂಬಳವಿಲ್ಲ, ಬದಲಿಗೆ ಕ್ಲಬ್ಬಿಗೆ ತಾವೇ ವಂತಿಗೆ ಕಟ್ಟುತ್ತಾರೆ. ಮೈದಾನದ ಅಂಚಿನಲ್ಲಿ ಇರುವುದು ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಅದನ್ನು ಹಿಡಿದು ನಿಂತ ಒಬ್ಬ ಪುಣ್ಯಾತ್ಮ, ಅಷ್ಟೆ. ಸೋಮವಾರ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹಾಜರಾಗಬೇಕು.

ಕಬಡ್ಡಿ ನೋಡಿ ಬೆಳೆದ ನಮಗೆ ಟ್ಯಾಕಲ್ ಹೊಸದೇನಲ್ಲ. ಆದರೆ ಕಬಡ್ಡಿಯ ಅಂಕಣ ಚಿಕ್ಕದು, ದೂರದಿಂದ ಓಡಿಬಂದು ಗುದ್ದುವಷ್ಟು ಜಾಗ ಅಲ್ಲಿಲ್ಲ. ರಗ್ಬಿಯ ಮೈದಾನ ಸುಮಾರು 100 ಮೀಟರ್ ಉದ್ದ. ಚೆಂಡು ಹಿಡಿದವನು ಪೂರ್ತಿ ವೇಗದಲ್ಲಿ ಬರುತ್ತಾನೆ, ತಡೆಯುವವನು ಎದುರಿನಿಂದ ಅಷ್ಟೇ ವೇಗದಲ್ಲಿ ನುಗ್ಗುತ್ತಾನೆ. ಮೈಮೇಲೆ ಅಮೆರಿಕದ ಫುಟ್‌ಬಾಲಿನವರ ಹೆಲ್ಮೆಟ್ಟಿಲ್ಲ, ಎದೆಗವಚವಿಲ್ಲ. ಹಲ್ಲಿಗೆ ಒಂದು ರಬ್ಬರಿನ ಕಾಪು, ಕೆಲವರ ತಲೆಗೆ ಒಂದು ಮೆತ್ತನೆಯ ಟೋಪಿ. ಆ ಟೋಪಿ ಕಿವಿಯನ್ನು ಉಳಿಸುತ್ತದೆ, ಒಳಗಿನ ಮೆದುಳು ಅಲುಗಾಡುವುದನ್ನು ತಡೆಯುವುದಿಲ್ಲ.

ಈ ಶನಿವಾರದ ಆಟಗಾರರ ಗಾಯಗಳನ್ನು ಇಂಗ್ಲೆಂಡಿನಲ್ಲಿ ನೆಟ್ಟಗೆ ಎಣಿಸಲು ಶುರುಮಾಡಿದ್ದು 2009ರಲ್ಲಿ. ಅಲ್ಲಿನ ರಗ್ಬಿ ಫುಟ್‌ಬಾಲ್ ಯೂನಿಯನ್ ಮತ್ತು ಬಾತ್ ವಿಶ್ವವಿದ್ಯಾಲಯ ಜೊತೆಗೂಡಿದವು. ಯೂನಿಯನ್ ಹುಟ್ಟಿದ್ದು 1871ರಲ್ಲಿ ಎಂಬುದನ್ನು ನೆನೆದರೆ, ಎಣಿಕೆಗೆ ಮನಸ್ಸು ಮಾಡಲು 138 ವರ್ಷ ಹಿಡಿಯಿತು. ಅವರು ಕಂಡುಕೊಂಡ ಅಂಕಿ: ಸಾವಿರ ಆಟಗಾರ-ಗಂಟೆಗೆ 16.9 ಗಾಯ. ಅಲ್ಪ ಸ್ವಲ್ಪ ದುಡ್ಡು ಕೊಡುವ ಮೇಲಿನ ಹಂತದ ಕ್ಲಬ್ಬುಗಳಲ್ಲಿ 21.7, ನಡುವಿನ ಹವ್ಯಾಸಿಗಳಲ್ಲಿ 16.6, ಕೇವಲ ಮೋಜಿಗೆ ಆಡುವ ಕೆಳಹಂತದಲ್ಲಿ 14.2.

16.9 ಎಂದರೆ ಏನು ಮಹಾ ಅನ್ನಿಸಬಹುದು. ಬಿಡಿಸಿ ನೋಡೋಣ. 25 ಪಂದ್ಯಕ್ಕೆ 17 ಗಾಯ, ಅಂದರೆ ಪ್ರತಿ ಮೂರು ಪಂದ್ಯಕ್ಕೆ ಎರಡು. ಒಂದೇ ತಂಡದ ಕಣ್ಣಿನಿಂದ ನೋಡಿದರೆ 25 ಪಂದ್ಯಗಳ ಒಂದು ಋತುವಿನಲ್ಲಿ ಎಂಟು ಅಥವಾ ಒಂಬತ್ತು. ಕಣಕ್ಕಿಳಿಯುವವರು 15 ಜನ, ಋತು ಮುಗಿಯುವುದರೊಳಗೆ ಎಂಟೊಂಬತ್ತು ಗಾಯ. ಇದರ ಜೊತೆಗೆ ಒಂದು ಷರತ್ತಿದೆ, ಅದನ್ನು ಓದಿದಾಗಲೇ ನಾನು ಬೆಚ್ಚಿದ್ದು. ಈ ಎಣಿಕೆಗೆ ಸೇರುವುದು ಒಂದು ವಾರಕ್ಕಿಂತ ಹೆಚ್ಚು ಕಾಲ ಆಟ ತಪ್ಪಿಸುವ ಗಾಯ ಮಾತ್ರ. ಹುಬ್ಬು ಹರಿದು ಹೊಲಿಗೆ ಬಿದ್ದದ್ದು, ಬೆರಳು ಉಳುಕಿದ್ದು, ಪಕ್ಕೆ ನೀಲಿಗಟ್ಟಿ ಎರಡು ರಾತ್ರಿ ಮಗ್ಗುಲು ಬದಲಿಸಲಾಗದೆ ಒದ್ದಾಡಿದ್ದು, ಇವು ಯಾವುವೂ ಲೆಕ್ಕಕ್ಕಿಲ್ಲ. ಮುಂದಿನ ಶನಿವಾರ ಬಂದು ಆಡಿದರೆ ಪುಸ್ತಕದ ಮಟ್ಟಿಗೆ ಅವನಿಗೆ ಏನೂ ಆಗಿಲ್ಲ.

ಒಂದು ದಿನ ಆಟ ತಪ್ಪಿದರೂ ಗಾಯ ಎಂದು ಬರೆದುಕೊಳ್ಳುವ ಪದ್ಧತಿಯೂ ಇದೆ. ಆ ಪದ್ಧತಿಯಲ್ಲಿ ಹವ್ಯಾಸಿ ಗಂಡಸರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಐರ್ಲೆಂಡಿನ ಸಂಶೋಧಕರು 2018ರಲ್ಲಿ ಒಟ್ಟುಗೂಡಿಸಿದರು. ಸಿಕ್ಕ ಅಂಕಿ ಸಾವಿರ ಗಂಟೆಗೆ 46.8. ಪಂದ್ಯವೊಂದಕ್ಕೆ ಸುಮಾರು ಎರಡು. ಐರ್ಲೆಂಡಿನದೇ ಕ್ಲಬ್ಬುಗಳನ್ನು ಬೇರೆಯಾಗಿ ನೋಡಿದಾಗ ಗಂಡಸರಲ್ಲಿ 49.1, ಹೆಂಗಸರಲ್ಲಿ 35.6. ಇದೇ ಪದ್ಧತಿಯಲ್ಲಿ ವೃತ್ತಿಪರರ ಅಂಕಿ 81, ಅಂದರೆ ಪಂದ್ಯಕ್ಕೆ ಮೂರಕ್ಕಿಂತ ಹೆಚ್ಚು. 16.9 ಮತ್ತು 81ನ್ನು ಅಕ್ಕಪಕ್ಕ ಇಟ್ಟು ‘ಹವ್ಯಾಸಿಗಳಿಗೆ ಐದರಲ್ಲೊಂದು ಪಾಲು ಅಪಾಯ’ ಎಂದು ಹೇಳುವವರಿದ್ದಾರೆ. ಅದು ತಪ್ಪು ಲೆಕ್ಕ, ಎರಡು ಅಂಕಿಗಳ ಷರತ್ತುಗಳೇ ಬೇರೆ. ಸಮನಾಗಿ ಹೋಲಿಸಿದರೆ ಹವ್ಯಾಸಿಯ ಅಪಾಯ ವೃತ್ತಿಪರನ ಅರ್ಧಕ್ಕಿಂತಲೂ ಹೆಚ್ಚು. ವೃತ್ತಿಪರನಿಗೆ ಗಾಯವಾದರೆ ಫಿಸಿಯೊ ಇದ್ದಾನೆ, ಸಂಬಳ ಬರುತ್ತದೆ. ಇವನಿಗೆ ಗಾಯವಾದರೆ ರಜೆ ಖರ್ಚಾಗುತ್ತದೆ.

ವೃತ್ತಿಪರರಿಗೆ ಹೆಚ್ಚು ಪೆಟ್ಟಾಗುವುದೇಕೆ ಎಂಬುದಕ್ಕೆ ಒಂದು ಉತ್ತರ ತೂಕದಲ್ಲಿದೆ. 1955ರಲ್ಲಿ ಅಂತರರಾಷ್ಟ್ರೀಯ ಆಟಗಾರನ ಸರಾಸರಿ ತೂಕ 84.8 ಕಿಲೊ, 2015ರಲ್ಲಿ 105.4. ಅರವತ್ತು ವರ್ಷದಲ್ಲಿ ತಲಾ 20 ಕಿಲೊ ಏರಿದೆ. ನ್ಯೂಜಿಲೆಂಡಿನವರು ಇದಕ್ಕೆ ಸೀದಾ ಒಂದು ದಾರಿ ಕಂಡುಕೊಂಡರು: 85 ಕಿಲೊ ಒಳಗಿನವರಿಗೇ ಒಂದು ರಾಷ್ಟ್ರೀಯ ಕ್ಲಬ್ ಟೂರ್ನಿಯನ್ನು 2020ರಲ್ಲಿ ಶುರುಮಾಡಿದರು. ಸಾಧಾರಣ ಮೈಕಟ್ಟಿನವನು ಸಾಧಾರಣ ಮೈಕಟ್ಟಿನವನ ಜೊತೆಗೇ ಗುದ್ದಾಡಲಿ ಎಂಬುದು ಅಲ್ಲಿನ ನ್ಯಾಯ. ನನಗಂತೂ ಸರಿ ಕಂಡಿದೆ.

ಪೆಟ್ಟು ಎಲ್ಲಿ ಬೀಳುತ್ತದೆ? ಇಂಗ್ಲೆಂಡಿನ ಕ್ಲಬ್ ಪಂದ್ಯವೊಂದರಲ್ಲಿ ಸುಮಾರು 140 ಟ್ಯಾಕಲ್‌ಗಳಾಗುತ್ತವೆ. ವೃತ್ತಿಪರ ಪಂದ್ಯದಲ್ಲಿ 2007ರ ಒಂದು ಅಧ್ಯಯನ ಎಣಿಸಿದ್ದು 221. ಕ್ಲಬ್ ಮಟ್ಟದಲ್ಲಿ ಸಾವಿರ ಟ್ಯಾಕಲ್‌ಗೆ ವಾರಕ್ಕೂ ಮೀರಿ ಕಾಡುವ ಗಾಯ ಎರಡು ಚಿಲ್ಲರೆ. ಇಷ್ಟು ಕಡಿಮೆಯೇ ಎನ್ನಿಸುತ್ತದಲ್ಲವೇ? ಆದರೂ ಒಟ್ಟು ಗಾಯಗಳಲ್ಲಿ ಅರ್ಧ ಈ ಟ್ಯಾಕಲ್ಲಿನದೇ. ಅಪಾಯವಿರುವುದು ಒಂದು ಏಟಿನಲ್ಲಿ ಅಲ್ಲ, ಏಟುಗಳು ಎಷ್ಟು ಸಲ ಬೀಳುತ್ತವೆ ಎಂಬುದರಲ್ಲಿ.

ಇನ್ನೊಂದು ಸಂಗತಿ ನೋಡುಗರ ಊಹೆಗೆ ವಿರುದ್ಧವಾದದ್ದು. ಟ್ಯಾಕಲ್ಲಿನಲ್ಲಿ ಬಿದ್ದವನಿಗೇ ತಾನೆ ತಲೆಗೆ ಪೆಟ್ಟಾಗುವುದು? 1,516 ವೃತ್ತಿಪರ ಪಂದ್ಯಗಳ ವಿಡಿಯೊ ಜಾಲಾಡಿದ ತಜ್ಞರಿಗೆ ತಲೆಗೆ ಪೆಟ್ಟಾಗಿ ತಪಾಸಣೆ ಬೇಕಾದ 611 ಪ್ರಸಂಗಗಳು ಸಿಕ್ಕವು. ಅದರಲ್ಲಿ 464 ಟ್ಯಾಕಲ್‌ನಿಂದ ಆದವು. ಆ 464ರಲ್ಲಿ 335 ಸಲ ಪೆಟ್ಟಾದದ್ದು ಬೀಳಿಸಲು ಹೋದವನಿಗೆ! ನೆಟ್ಟಗೆ ನಿಂತು ಎತ್ತರದಲ್ಲಿ ತಬ್ಬಲು ಹೋದಾಗ ಎರಡು ತಲೆಗಳು ಒಂದೇ ಮಟ್ಟಕ್ಕೆ ಬರುತ್ತವೆ. ಸೊಂಟ ಬಗ್ಗಿಸಿ ಕೆಳಗೆ ಹಿಡಿದರೆ ತಲೆಗೆ ತಲೆ ತಾಗುವ ಸಂದರ್ಭ ಕಡಿಮೆ.

ಈ ತಿಳಿವಳಿಕೆಯಿಂದ ಕಾನೂನು ಬದಲಾಯಿತು, ಬದಲಾದದ್ದು ಮೊದಲು ಹವ್ಯಾಸಿಗಳಿಗೆ. ಫ್ರಾನ್ಸಿನಲ್ಲಿ 2018-19ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ನಾಲ್ವರು ಯುವ ಆಟಗಾರರು ಸತ್ತ ಮೇಲೆ, 2019ರ ಋತುವಿನಿಂದ ಹವ್ಯಾಸಿ ಪಂದ್ಯಗಳಲ್ಲಿ ಸೊಂಟಕ್ಕಿಂತ ಮೇಲೆ ಟ್ಯಾಕಲ್ ಮಾಡುವುದನ್ನು ನಿಷೇಧಿಸಿದರು. ಇಂಗ್ಲೆಂಡಿನವರು 2023ರ ಜನವರಿಯಲ್ಲಿ ಅದನ್ನೇ ಮಾಡಲು ಹೋಗಿ ಕೈಸುಟ್ಟುಕೊಂಡರು. ಆಟಗಾರರನ್ನು ಕೇಳದೆ ತೀರ್ಮಾನ ಹೊರಬಿತ್ತು, ಹತ್ತಾರು ಸಾವಿರ ಜನ ವಿರೋಧಿಸಿ ಸಹಿ ಹಾಕಿದರು, ಯೂನಿಯನ್ ಕ್ಷಮೆ ಕೇಳಿತು. ಕೊನೆಗೆ ಆ ವರ್ಷದ ಜುಲೈಯಿಂದ ಎದೆಮೂಳೆಯ ಬುಡದಿಂದ ಕೆಳಗೆ ಮಾತ್ರ ಎಂಬ ರಾಜಿಗೆ ಬಂದರು. ಸೊಂಟಕ್ಕೂ ಎದೆಮೂಳೆಗೂ ನಡುವಿನ ಆ ಒಂದು ಗೇಣಿಗೆ ಇಡೀ ದೇಶದ ಕ್ಲಬ್ಬುಗಳು ಜಗಳವಾಡಿದವು.

ಸ್ಕ್ರಮ್ಮಿನ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಂಟು ಜನ ಒಬ್ಬರ ಹೆಗಲಿಗೆ ಒಬ್ಬರು ತೋಳು ಬಿಗಿದು ಮೂರು ಸಾಲಾಗಿ ಬಗ್ಗುತ್ತಾರೆ. ಎದುರಿಗೆ ಇನ್ನೆಂಟು ಜನ. ಮುಂದಿನ ಸಾಲಿನ ಮೂವರ ತಲೆಗಳು ಎದುರಾಳಿ ಮೂವರ ತಲೆಗಳ ನಡುವಿನ ಸಂದುಗಳಲ್ಲಿ ತೂರಿಕೊಳ್ಳುತ್ತವೆ, ಕಿವಿಗೆ ಕಿವಿ ಉಜ್ಜುತ್ತದೆ. ವರ್ಷಗಟ್ಟಲೆ ಉಜ್ಜಿ, ಒಳಗೆ ರಕ್ತ ಹೆಪ್ಪುಗಟ್ಟಿ, ಮುದುಡಿ ಗಟ್ಟಿಯಾದ ಕಿವಿಯನ್ನು ಕಂಡರೆ ಇವನು ಮುಂದಿನ ಸಾಲಿನವನು ಎಂದು ಕೇಳದೆಯೇ ಹೇಳಬಹುದು. ನಡುವೆ ನಿಲ್ಲುವ ಹುಕರ್‌ನ ಎರಡು ತೋಳುಗಳೂ ಅಕ್ಕಪಕ್ಕದವರ ಮೇಲಿರುತ್ತವೆ. ಸ್ಕ್ರಮ್ ಕುಸಿದರೆ ಊರಿಕೊಳ್ಳಲು ಅವನಿಗೆ ಕೈಯೇ ಖಾಲಿ ಇಲ್ಲ. ಬೆನ್ನ ಹಿಂದೆ ಐದು ಜನರ ತಳ್ಳಾಟ, ಎದುರಿಗೆ ಎಂಟು ಜನರ ಒತ್ತು, ಕೆಳಗೆ ನೆಲ, ನಡುವೆ ಒಂದು ಕುತ್ತಿಗೆ.

ಬಾತ್ ವಿಶ್ವವಿದ್ಯಾಲಯದವರು ಇಲ್ಲಿನ ಬಲವನ್ನು ಯಂತ್ರವಿಟ್ಟು ಅಳೆದರು. ಎರಡು ಪಡೆಗಳು ಬಂದು ಢಿಕ್ಕಿ ಹೊಡೆಯುವ ಕ್ಷಣದಲ್ಲಿ ಅಂತರರಾಷ್ಟ್ರೀಯ ಮಟ್ಟದ ಪಡೆಯಲ್ಲಿ 16.5 ಕಿಲೊನ್ಯೂಟನ್, ಅಂದರೆ ಸುಮಾರು 1,680 ಕಿಲೊ ತೂಕದ ಒತ್ತಡ. ಹದಿನಾರು ಮುಕ್ಕಾಲು ಕ್ವಿಂಟಾಲ್! ಶಾಲಾ ಹುಡುಗರಲ್ಲೂ ಹೆಂಗಸರಲ್ಲೂ ಇದರ ಹೆಚ್ಚು ಕಡಿಮೆ ಅರ್ಧ. ಎಂಟೊಂಬತ್ತು ಕ್ವಿಂಟಾಲ್ ಒತ್ತನ್ನು ಮೂವರು ಹೈಸ್ಕೂಲು ಹುಡುಗರ ಮುಂದಿನ ಸಾಲು ತಾಳಿಕೊಳ್ಳಬೇಕಿತ್ತು. ಈ ಅಳತೆಗಳನ್ನು ಮುಂದಿಟ್ಟ ಮೇಲೆ 2013ರಲ್ಲಿ ರಗ್ಬಿಯ ಅಂತರರಾಷ್ಟ್ರೀಯ ಮಂಡಳಿಯವರು ವಿಧಾನ ಬದಲಿಸಿದರು: ದೂರದಿಂದ ನುಗ್ಗಿ ಗುದ್ದುವಂತಿಲ್ಲ, ಮೊದಲು ಎದುರಾಳಿಯ ಅಂಗಿ ಹಿಡಿದುಕೊಂಡು ಆಮೇಲೆ ಸೇರಬೇಕು. ಢಿಕ್ಕಿಯ ಬಲ ಸುಮಾರು ನಾಲ್ಕನೇ ಒಂದು ಭಾಗ ಇಳಿಯಿತು. ರೆಫರಿ ಕೂಗುವ ಮೂರು ಮಾತಿನಲ್ಲಿ ಒಂದು ಬದಲಾಯಿತು, ಕ್ವಿಂಟಾಲುಗಟ್ಟಲೆ ಭಾರ ಕುತ್ತಿಗೆಗಳಿಂದ ಇಳಿಯಿತು.

ಕುತ್ತಿಗೆ ಮುರಿದು ಕೈಕಾಲು ಸ್ವಾಧೀನ ತಪ್ಪುವ ದುರಂತ ಅಪರೂಪ. ಎಷ್ಟು ಅಪರೂಪ ಎಂಬುದು ಮಾತ್ರ ದೇಶದಿಂದ ದೇಶಕ್ಕೆ ನಂಬಲಾಗದಷ್ಟು ಬೇರೆ. 2008ರಲ್ಲಿ ಪ್ರಕಟವಾದ ಒಂದು ಹೋಲಿಕೆಯ ಪ್ರಕಾರ ವರ್ಷಕ್ಕೆ ಒಂದು ಲಕ್ಷ ಆಟಗಾರರಲ್ಲಿ ಇಂಥ ಗಾಯ ಇಂಗ್ಲೆಂಡಿನಲ್ಲಿ 0.8, ಅರ್ಜೆಂಟೀನಾದಲ್ಲಿ 1.9, ನ್ಯೂಜಿಲೆಂಡಿನಲ್ಲಿ 4.2, ಆಸ್ಟ್ರೇಲಿಯಾದಲ್ಲಿ 4.4. ಫಿಜಿಯಲ್ಲಿ 13. ಅದೇ ಚೆಂಡು, ಅದೇ ನಿಯಮ, 16 ಪಟ್ಟು ಅಂತರ.

ನ್ಯೂಜಿಲೆಂಡಿನ ಲೆಕ್ಕಪುಸ್ತಕ ಬೇರೆ ಎಲ್ಲರಿಗಿಂತ ದೊಡ್ಡದು. ಅಲ್ಲಿ 1974ರಿಂದ ಅಪಘಾತ ಪರಿಹಾರದ ಸರ್ಕಾರಿ ನಿಗಮವಿದೆ. ತಪ್ಪು ಯಾರದು ಎಂದು ಕೇಳದೆ ಚಿಕಿತ್ಸೆಯ ಖರ್ಚು ಕೊಡುತ್ತದೆ, ಕೆಲಸ ತಪ್ಪಿದವರಿಗೆ ಆದಾಯದ ಶೇ. 80ರವರೆಗೆ ಕೊಡುತ್ತದೆ. ಹಾಗಾಗಿ ಸಣ್ಣ ಉಳುಕಿಗೂ ಒಂದು ಅರ್ಜಿ. 2005ರಿಂದ 2017ರವರೆಗೆ, 5ರಿಂದ 40 ವಯಸ್ಸಿನ ರಗ್ಬಿ ಆಟಗಾರರಿಂದ ಬಂದ ಅರ್ಜಿಗಳು 6,35,657. ಆ ದೇಶದ ಒಟ್ಟು ಜನಸಂಖ್ಯೆ ಆಗ 50 ಲಕ್ಷ ಮುಟ್ಟಿರಲಿಲ್ಲ. ವರ್ಷಕ್ಕೆ ಸುಮಾರು 49 ಸಾವಿರ, ದಿನಕ್ಕೆ 134, ಹೆಚ್ಚುಕಡಿಮೆ ಹನ್ನೊಂದು ನಿಮಿಷಕ್ಕೊಂದು. ನೀವು ಈ ಲೇಖನ ಓದಿ ಮುಗಿಸುವಷ್ಟರಲ್ಲಿ ಒಂದೆರಡು. ಇದು ಹಗಲು ರಾತ್ರಿ, ಬೇಸಿಗೆ ಚಳಿಗಾಲ ಎಲ್ಲ ಸೇರಿಸಿದ ಸರಾಸರಿ. ರಗ್ಬಿ ನಡೆಯುವುದು ವರ್ಷದ ಒಂದು ಭಾಗದಲ್ಲಿ, ಅದರಲ್ಲೂ ವಾರಾಂತ್ಯಕ್ಕೆ. ಒಂದು ಚಳಿಗಾಲದ ಶನಿವಾರ ಸಂಜೆ ಅಲ್ಲಿನ ತುರ್ತು ಚಿಕಿತ್ಸಾ ಕೊಠಡಿಗಳ ಮುಂದಿನ ಬೆಂಚುಗಳನ್ನು ಊಹಿಸಿಕೊಳ್ಳಿ. ಹೆಚ್ಚಿನವು ಸಣ್ಣಪುಟ್ಟ ಮೃದು ಅಂಗಾಂಶದ ಗಾಯಗಳು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಅಂಕಿ ತೋರಿಸಿ ಹೆದರಿಸಿದಂತಾಗುತ್ತದೆ.

ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಟ್ಟದ್ದರ ಲಾಭವನ್ನೂ ಆ ದೇಶವೇ ಪಡೆಯಿತು. 1976ರಿಂದ 2005ರ ನಡುವೆ ಅಲ್ಲಿ 77 ಆಟಗಾರರು ಬೆನ್ನುಹುರಿಗೆ ಪೆಟ್ಟಾಗಿ ಶಾಶ್ವತವಾಗಿ ಅಂಗವಿಕಲರಾಗಿದ್ದರು. 2001ರಲ್ಲಿ ‘ರಗ್ಬಿಸ್ಮಾರ್ಟ್’ ಎಂಬ ಕಾರ್ಯಕ್ರಮ ಬಂತು. ಪ್ರತಿಯೊಬ್ಬ ಕೋಚ್, ಪ್ರತಿಯೊಬ್ಬ ರೆಫರಿ ಪ್ರತಿ ವರ್ಷ ಪಾಠಕ್ಕೆ ಬಂದು ಕೂರಲೇಬೇಕು: ಸ್ಕ್ರಮ್ ಹೇಗೆ ಕಟ್ಟಬೇಕು, ಟ್ಯಾಕಲ್ ಹೇಗೆ ಕಲಿಸಬೇಕು, ತಲೆಗೆ ಪೆಟ್ಟಾದರೆ ಏನು ಮಾಡಬೇಕು. ಹಿಂದಿನ ಗತಿಯಲ್ಲೇ ಹೋಗಿದ್ದರೆ 2001ರಿಂದ 2005ರೊಳಗೆ ಇಂಥ 18.9 ಗಾಯಗಳಾಗಬೇಕಿತ್ತು, ಆದದ್ದು 8. ಸ್ಕ್ರಮ್ಮಿನಿಂದ 9 ಆಗಬೇಕಿತ್ತು, ಆದದ್ದು 1. ಸ್ಕ್ರಮ್ಮಿನಲ್ಲಿ ಹೀಗೆ ಪಾರಾದ ಎಂಟು ಜನ ಯಾರು ಎಂದು ಯಾರಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಈಗ ನಡುವಯಸ್ಸಿನವರಾಗಿ ಯಾವುದೋ ಊರಿನಲ್ಲಿ ನಡೆದಾಡಿಕೊಂಡಿರುತ್ತಾರೆ.

ಮೂಳೆ ಕೂಡುತ್ತದೆ, ಭುಜ ಕೂರುತ್ತದೆ. ಈಗ ರಗ್ಬಿ ಲೋಕದ ನಿದ್ದೆ ಕೆಡಿಸಿರುವುದು ತಲೆ.

1995ರ ಆಗಸ್ಟ್‌ವರೆಗೆ ರಗ್ಬಿ ಯೂನಿಯನ್ ಆಟದಲ್ಲಿ ದುಡ್ಡು ತೆಗೆದುಕೊಳ್ಳುವಂತೆಯೇ ಇರಲಿಲ್ಲ. ದೇಶಕ್ಕೆ ಆಡುವವನೂ ಹವ್ಯಾಸಿಯೇ. ಹಾಗಾಗಿ ಸ್ಕಾಟ್ಲೆಂಡಿನ ಪರ ಆಡಿದ 412 ಹಳೆಯ ಆಟಗಾರರನ್ನು ಗ್ಲಾಸ್ಗೊ ವಿಶ್ವವಿದ್ಯಾಲಯದ ವೈದ್ಯರು ಆರಿಸಿಕೊಂಡಾಗ, ಅವರಲ್ಲಿ ದೊಡ್ಡ ಪಾಲು ಸಂಬಳವಿಲ್ಲದ ಕಾಲದವರಾಗಿದ್ದರು. ಅದೇ ವಯಸ್ಸಿನ, ಅದೇ ಬಗೆಯ ಊರು ಕೇರಿಗಳ 1,236 ಸಾಮಾನ್ಯರ ಜೊತೆ ಇವರನ್ನು ಹೋಲಿಸಿ 2022ರಲ್ಲಿ ಫಲಿತಾಂಶ ಹೊರಗಿಟ್ಟರು. ಆಟಗಾರರಲ್ಲಿ 47 ಮಂದಿಗೆ, ಅಂದರೆ ಶೇ. 11.4ರಷ್ಟು ಜನಕ್ಕೆ, ಮರೆವಿನ ಕಾಯಿಲೆ, ಪಾರ್ಕಿನ್‌ಸನ್‌ನಂಥ ಮೆದುಳು ಸವೆಯುವ ರೋಗಗಳು. ಸಾಮಾನ್ಯರಲ್ಲಿ 67, ಅಂದರೆ ಶೇ. 5.4. ಸ್ನಾಯುಗಳ ನರವೇ ಸಾಯುವ ಮೋಟಾರ್ ನ್ಯೂರಾನ್ ಕಾಯಿಲೆಯ ಅಪಾಯ ಆಟಗಾರರಲ್ಲಿ ಸುಮಾರು 15 ಪಟ್ಟು. ಅದು ಮೊದಲೇ ಅಪರೂಪದ ರೋಗ, ಕೆಲವೇ ಜನರ ಮೇಲೆ ನಿಂತ ಅಂಕಿ, ಇದನ್ನು ಎಚ್ಚರದಿಂದ ಓದಬೇಕು. ಇದೇ ಅಧ್ಯಯನದಲ್ಲಿ ಇನ್ನೊಂದು ಅಂಕಿಯೂ ಇದೆ: ತೀರಿಕೊಂಡ ಆಟಗಾರರ ಸರಾಸರಿ ವಯಸ್ಸು ಸುಮಾರು 79, ಉಳಿದವರದು 76. ಆಡಿದವರು ಎರಡೂವರೆ ವರ್ಷ ಹೆಚ್ಚೇ ಬದುಕಿದ್ದರು. ಆಟ ಆಯುಷ್ಯ ಕೊಡುತ್ತದೆ, ಅದರ ಕೊನೆಯ ವರ್ಷಗಳನ್ನು ಕೆಲವರಿಂದ ಕಸಿಯುತ್ತದೆ.

ಮರುವರ್ಷ ಬಂದ ಇನ್ನೊಂದು ವರದಿ ಹವ್ಯಾಸಿಗಳಿಗೆ ಹೆಚ್ಚು ಹತ್ತಿರದ್ದು. ಮರಣಾನಂತರ ದಾನವಾಗಿ ಬಂದ 31 ರಗ್ಬಿ ಆಟಗಾರರ ಮೆದುಳುಗಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರು. 21ರಲ್ಲಿ ಸಿಟಿಇ ಎಂಬ ರೋಗದ ಗುರುತುಗಳಿದ್ದವು. ತಲೆಗೆ ಮೇಲಿಂದ ಮೇಲೆ ಏಟು ತಿಂದವರಲ್ಲಿ ಕಾಣುವ, ಬದುಕಿರುವಾಗ ಖಚಿತವಾಗಿ ಪತ್ತೆ ಹಚ್ಚಲಾಗದ ರೋಗ ಅದು. ಆ 31 ಜನರಲ್ಲಿ 23 ಜನ ಬರೀ ಹವ್ಯಾಸಿ ಮಟ್ಟದಲ್ಲಿ ಆಡಿದವರು. ಯಾವ ಮಟ್ಟದಲ್ಲಿ ಆಡಿದರು, ಯಾವ ಜಾಗದಲ್ಲಿ ಆಡಿದರು ಎಂಬುದಕ್ಕೂ ರೋಗಕ್ಕೂ ನಂಟು ಕಾಣಲಿಲ್ಲ. ನಂಟು ಕಂಡದ್ದು ಎಷ್ಟು ವರ್ಷ ಆಡಿದರು ಎಂಬುದಕ್ಕೆ. ಒಂದೊಂದು ವರ್ಷ ಹೆಚ್ಚು ಆಡಿದಂತೆ ರೋಗದ ಸಂಭವ ಶೇ. 14 ಏರುತ್ತಿತ್ತು. ಚಕ್ರಬಡ್ಡಿ ಹಾಕಿ ನೋಡಿ, ಐದು ವರ್ಷಕ್ಕೆ ಹತ್ತಿರ ಹತ್ತಿರ ಎರಡು ಪಟ್ಟು. ಆ 31 ಜನ ಆಡಿದ್ದು ಸರಾಸರಿ 18 ವರ್ಷ. ಮನೆಯವರಿಗೆ ಅನುಮಾನ ಬಂದವರ ಮೆದುಳೇ ಹೆಚ್ಚಾಗಿ ದಾನಕ್ಕೆ ಬರುತ್ತದೆ, ಆದ್ದರಿಂದ ಮೂರರಲ್ಲಿ ಇಬ್ಬರು ಆಟಗಾರರಿಗೆ ಈ ರೋಗ ಎಂದು ಯಾರೂ ಹೇಳುವಂತಿಲ್ಲ. ಆದರೆ ‘ನಾವು ಶನಿವಾರದವರು, ನಮಗೇನಾಗುತ್ತದೆ’ ಎಂಬ ಧೈರ್ಯಕ್ಕೆ ಇನ್ನು ಆಧಾರವಿಲ್ಲ.

ಎದುರು ಪಕ್ಷದ ಮಾತನ್ನೂ ಕೇಳೋಣ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಕ್ಲಬ್ ಆಟಗಾರರ ಹಲ್ಲಿನ ಕಾಪಿನೊಳಗೇ ಸಂವೇದಕ ಕೂರಿಸಿ, ತಲೆಗೆ ಎಷ್ಟು ಅದಿರಾಟವಾಗುತ್ತದೆ ಎಂದು ಅಳೆದರು. ಅದರಲ್ಲಿ ಶೇ. 86ರಷ್ಟು ಓಟ, ಜಿಗಿತದಂಥ ಮಾಮೂಲಿ ವ್ಯಾಯಾಮದಲ್ಲಿ ಆಗುವಷ್ಟೇ ಅಥವಾ ಅದಕ್ಕಿಂತ ಕಡಿಮೆ. ಶೇ. 94ರಷ್ಟು ರೋಲರ್ ಕೋಸ್ಟರ್ ಸವಾರಿಯಲ್ಲಿ ಆಗುವುದಕ್ಕಿಂತ ಕಡಿಮೆ. ಇದು ನೆಮ್ಮದಿಯ ಸುದ್ದಿ ಎಂದು ಆಡಳಿತದವರು ಹೇಳಿಕೊಂಡರು. ನನ್ನ ಕಣ್ಣು ಮಾತ್ರ ಉಳಿದ ಶೇ. 6ರ ಮೇಲೇ ನಿಂತಿತು. ಒಂದು ಪಂದ್ಯಕ್ಕೆ 140 ಟ್ಯಾಕಲ್ ಇರುವ ಆಟದಲ್ಲಿ ಶೇ. 6 ಸಣ್ಣದಲ್ಲ.

ಕೆನಡಾದ ಒಟ್ಟಾವದ ರೋವನ್ ಸ್ಟ್ರಿಂಗರ್‌ಗೆ 17 ವರ್ಷ, ಶಾಲೆಯ ರಗ್ಬಿ ತಂಡದ ನಾಯಕಿ. 2013ರ ಮೇ 3, ಶುಕ್ರವಾರ ಪಂದ್ಯದಲ್ಲಿ ತಲೆಗೆ ಪೆಟ್ಟಾಯಿತು. ಸೋಮವಾರ, ಮೇ 6ರಂದು ಮತ್ತೆ. ತಲೆನೋವಿತ್ತು. ಕನ್ಕಷನ್ (ಏಟಿನಿಂದ ಮೆದುಳಿಗಾಗುವ ಆಘಾತ) ಎಂದರೇನು ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಿ ಓದಿದ್ದಳು, ಗೆಳತಿಯರಿಗೆ ಮೆಸೇಜ್ ಮಾಡಿದ್ದಳು. ದೊಡ್ಡವರಿಗೆ ಹೇಳಲಿಲ್ಲ. ಬುಧವಾರ, ಮೇ 8ರಂದು ಮತ್ತೆ ಆಡಿದಳು. ಟ್ಯಾಕಲ್ ಆಗಿ ಬಿದ್ದಳು, ಏಳಲಿಲ್ಲ. ಮೇ 12ರಂದು ತೀರಿಕೊಂಡಳು. ಮೊದಲ ಏಟಿನಿಂದ ಮೆದುಳು ಚೇತರಿಸಿಕೊಳ್ಳುವ ಮುಂಚೆ ಇನ್ನೊಂದು ಏಟು ಬಿದ್ದರೆ ಅದು ದಿಢೀರನೆ ಊದಿಕೊಳ್ಳಬಲ್ಲದು. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಇದು ಹೆಚ್ಚು. 2011ರ ಜನವರಿಯಲ್ಲಿ ಉತ್ತರ ಐರ್ಲೆಂಡಿನ ಶಾಲಾ ಪಂದ್ಯವೊಂದರಲ್ಲಿ 14ರ ಹುಡುಗನೊಬ್ಬ ಸತ್ತದ್ದೂ ಹೀಗೆಯೇ, ಒಂದೇ ಪಂದ್ಯದೊಳಗೆ ಮತ್ತೆ ಮತ್ತೆ ಏಟು ಬಿದ್ದು. ರೋವನ್ ಸಾವಿನ ವಿಚಾರಣೆ 2015ರಲ್ಲಿ 49 ಶಿಫಾರಸು ಮಾಡಿತು. 2018ರಲ್ಲಿ ಒಂಟಾರಿಯೊ ಪ್ರಾಂತ್ಯ ಅವಳ ಹೆಸರಿನಲ್ಲೇ ಕಾನೂನು ಮಾಡಿತು. ಆರು ದಿನದಲ್ಲಿ ಮೂರು ಪಂದ್ಯ, ಒಂದು ಕಾನೂನಿಗೆ ಐದು ವರ್ಷ.

ಹವ್ಯಾಸಿ ಆಟದಲ್ಲಿ ಗಾಯದ ಜೊತೆಗೆ ಕೂಲಿಯೂ ಹೋಗುತ್ತದೆ ಎಂಬ ಸಂಕಟ ಹಳೆಯದು, ಎಷ್ಟು ಹಳೆಯದೆಂದರೆ ರಗ್ಬಿ ಎರಡು ಹೋಳಾದದ್ದೇ ಈ ಜಗಳದಲ್ಲಿ. ಉತ್ತರ ಇಂಗ್ಲೆಂಡಿನ ಗಣಿ, ಗಿರಣಿ ಕಾರ್ಮಿಕರಿಗೆ ಆಟಕ್ಕಾಗಿ ಕೆಲಸ ತಪ್ಪಿದ ದಿನಕ್ಕೆ 6 ಶಿಲಿಂಗ್ ಕೊಡಬೇಕೆಂದು ಅಲ್ಲಿನ ಕ್ಲಬ್ಬುಗಳು ಕೇಳಿದವು. ದಕ್ಷಿಣದ ಯಜಮಾನರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳು ಹೊರನಡೆದವು. ಅದೇ ಇಂದಿನ ರಗ್ಬಿ ಲೀಗ್. ಯೂನಿಯನ್ನಿನವರು ದುಡ್ಡಿಗೆ ಬಾಗಿಲು ತೆರೆದದ್ದು ಸರಿಯಾಗಿ ನೂರು ವರ್ಷದ ಮೇಲೆ.

ನಮ್ಮ ನೆಲಕ್ಕೂ ಈ ಆಟಕ್ಕೂ ಹಳೆಯ ನಂಟಿದೆ. 1873ರಲ್ಲಿ ಹುಟ್ಟಿದ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಕೆಲವೇ ವರ್ಷಕ್ಕೆ ಮುಚ್ಚಿದಾಗ, ಬ್ಯಾಂಕಿನಲ್ಲಿ ಉಳಿದಿದ್ದ 270 ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಬಟ್ಟಲು ಮಾಡಿಸಿ ಲಂಡನ್ನಿಗೆ ಕಳಿಸಿತು. ಹಿಡಿಗಳು ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್ ಅದಕ್ಕಾಗಿ ಬಡಿದಾಡುತ್ತಿವೆ. 1988ರಲ್ಲಿ ಪಂದ್ಯ ಮುಗಿದ ರಾತ್ರಿ ಎರಡೂ ಕಡೆಯ ಇಬ್ಬರು ಆಟಗಾರರು ಎಡಿನ್‌ಬರೊ ಬೀದಿಗಳಲ್ಲಿ ಆ ಬಟ್ಟಲನ್ನೇ ಚೆಂಡು ಮಾಡಿಕೊಂಡು ಆಡಿ ನಜ್ಜುಗುಜ್ಜು ಮಾಡಿದರು. ಬೆಳ್ಳಿಗೂ ಗಾಯ ತಪ್ಪಲಿಲ್ಲ! ಈಗ ಬೆಂಗಳೂರಿನಲ್ಲೂ ರಗ್ಬಿ ಆಡುವ ಕ್ಲಬ್ಬುಗಳಿವೆ. 2025ರಲ್ಲಿ ಶುರುವಾದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರಿನ ಹೆಸರಿನ ತಂಡವೂ ಕಣಕ್ಕಿಳಿಯಿತು. ಟೀವಿ ನೋಡಿ ಮೈದಾನಕ್ಕೆ ಬರುವ ಹುಡುಗ ಹುಡುಗಿಯರು ಮುಂದೆ ಹೆಚ್ಚಲಿದ್ದಾರೆ.

ಅವರಿಗೆ ಕಲಿಸುವವರು ಮೊದಲು ನೋಡಬೇಕಾದ ಅಂಕಿ ಇದು. ಪಂದ್ಯ, ತಾಲೀಮಿಗೆ ಮುಂಚೆ ಮಾಡುವ 20 ನಿಮಿಷದ ವ್ಯಾಯಾಮ ಕ್ರಮವೊಂದನ್ನು ಬಾತ್ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಯೂನಿಯನ್ ಸೇರಿ ರೂಪಿಸಿವೆ, ಹೆಸರು ‘ಆ್ಯಕ್ಟಿವೇಟ್’. ಒಂಟಿಕಾಲಿನ ಸಮತೋಲ, ಜಿಗಿದು ಇಳಿಯುವ ರೀತಿ, ಕುತ್ತಿಗೆ ಬಲಪಡಿಸುವುದು, ಇಷ್ಟೆ. ಯಂತ್ರ ಬೇಡ, ದುಡ್ಡು ಬೇಡ. ವಾರಕ್ಕೆ ಮೂರು ಸಲ ತಪ್ಪದೆ ಮಾಡಿದ ಶಾಲಾ ತಂಡಗಳಲ್ಲಿ ಪಂದ್ಯದ ಗಾಯ ಶೇ. 72, ಕನ್ಕಷನ್ ಶೇ. 59 ಇಳಿಯಿತು. ದೊಡ್ಡವರ ಕ್ಲಬ್ಬುಗಳಲ್ಲಿ ಕಾಲಿನ ಗಾಯ ಶೇ. 40, ಕನ್ಕಷನ್ ಶೇ. 60 ಇಳಿಯಿತು. ಮೆತ್ತನೆಯ ಟೋಪಿ ಮಾಡಲಾಗದ್ದನ್ನು ವ್ಯಾಯಾಮ ಮಾಡಿದೆ.

ನ್ಯೂಜಿಲೆಂಡಿನ ನಾರ್ತ್‌ಲ್ಯಾಂಡ್‌ನಲ್ಲಿ 2014ರಿಂದ ರೆಫರಿಯ ಜೇಬಿನಲ್ಲಿ ಒಂದು ನೀಲಿ ಕಾರ್ಡ್ ಬಂತು. ತಲೆಗೆ ಪೆಟ್ಟಾದ ಅನುಮಾನ ಬಂದರೆ ಸಾಕು, ಕಾರ್ಡ್ ತೋರಿಸುತ್ತಾನೆ, ಆಟಗಾರ ಹೊರಗೆ. ಕೋಚ್ ವಾದ ಮಾಡುವಂತಿಲ್ಲ. ಬ್ರಿಟನ್ನಿನಲ್ಲಿ 2023ರಿಂದ ಎಲ್ಲ ಹವ್ಯಾಸಿ ಆಟಗಳಿಗೂ ಒಂದೇ ಸೂಚನೆ: ಕನ್ಕಷನ್ ಆದವರು 21 ದಿನದೊಳಗೆ ಸ್ಪರ್ಧೆಗೆ ಇಳಿಯಬಾರದು.

ರಗ್ಬಿಯಾಗಲಿ, ಕಬಡ್ಡಿಯಾಗಲಿ, ಫುಟ್‌ಬಾಲಾಗಲಿ, ನಿಮ್ಮ ಮಗನೋ ಮಗಳೋ ತಲೆಗೆ ಪೆಟ್ಟು ಮಾಡಿಕೊಂಡರೆ ಅದೇ ದಿನ ಮತ್ತೆ ಆಡಲು ಬಿಡಬೇಡಿ, ‘ಏನೂ ಆಗಿಲ್ಲ’ ಎಂದು ಅವರೇ ಹಟ ಹಿಡಿದರೂ ಬಿಡಬೇಡಿ. ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಜೋಲುವ ನಿದ್ದೆ, ತೊದಲು ಮಾತು, ಫಿಟ್ಸ್, ಕೈಕಾಲು ಜೋಮು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.